ಅಕ್ಷರ ಚಿಕ್ಕದು, ಪರದೆ ಮಂಕು: ಮನೆ ಕಂಪ್ಯೂಟರಿನ ಡೆಸ್ಕ್‌ಟಾಪ್ ಸರಿಮಾಡಿಕೊಳ್ಳುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲೂ ಕಂಪ್ಯೂಟರಿನ ಮುಖ ಬದಲಾಗುತ್ತಿದೆ. ಇದ್ದ ಯಂತ್ರಕ್ಕೇ ವಿಂಡೋಸ್ 11 ಹಾಕಿಸಿದವರಿದ್ದಾರೆ. ಯಂತ್ರ ಹಳೆಯದಾಗಿ ವಿಂಡೋಸ್ 11 ಅದಕ್ಕೆ ಹೊಂದದಿದ್ದಾಗ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದವರಿದ್ದಾರೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದವರೂ ಇದ್ದಾರೆ.

ಆನ್ ಮಾಡಿದ ದಿನವೇ ತಕರಾರು ಶುರುವಾಗುತ್ತದೆ. ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ನಡುವಿಗೆ ಬಂದಿದೆ. ಕಡತಗಳಿರುವ ಜಾಗಕ್ಕೆ ಕರೆದೊಯ್ಯುವ 'ದಿಸ್ ಪಿಸಿ' ಚಿತ್ರ ಕಾಣುವುದಿಲ್ಲ. ಅಕ್ಷರ ಇರುವೆ ಸಾಲಿನಂತೆ ಚಿಕ್ಕದು, ದೊಡ್ಡದು ಮಾಡಲು ಹೋದರೆ ಮಂಕು. ಇವುಗಳಲ್ಲಿ ಹೆಚ್ಚಿನವು ಯಂತ್ರದ ದೋಷವೇ ಅಲ್ಲ, ಅಂಗಡಿಗೆ ಹೊತ್ತೊಯ್ಯುವ ಅಗತ್ಯವೂ ಇಲ್ಲ. ತೊಂದರೆಯ ಬಹುಪಾಲು ಬರುವುದು ಒಂದು ಗೊಂದಲದಿಂದ: ರೆಸಲ್ಯೂಶನ್ ಬೇರೆ, ಸ್ಕೇಲ್ ಬೇರೆ. ಒಂದನ್ನು ಬದಲಿಸಬೇಕಾದ ಕಡೆ ಇನ್ನೊಂದನ್ನು ಬದಲಿಸಿಬಿಡುತ್ತೇವೆ.

ಮೊದಲು ನಾಲ್ಕು ಹೆಸರು

ಕಂಪ್ಯೂಟರ್ ಶುರುವಾದ ಮೇಲೆ ಕಾಣುವ ಇಡೀ ಪರದೆ ಡೆಸ್ಕ್‌ಟಾಪ್. ಅದರ ಮೇಲಿನ ಚಿಕ್ಕ ಚಿತ್ರಗಳು ಐಕಾನ್. ಕೆಳಗಿನ ಪಟ್ಟಿ ಟಾಸ್ಕ್‌ಬಾರ್, ಗಡಿಯಾರ, ವೈಫೈ ಗುರುತು ಇರುವುದು ಅಲ್ಲೇ. ಇವೆಲ್ಲ ಹೇಗೆ ಕಾಣಬೇಕು ಎಂದು ಹೇಳುವ ಜಾಗ ಸೆಟ್ಟಿಂಗ್ಸ್. ವಿಂಡೋಸ್ ಕೀ ಹಿಡಿದು 'ಐ' ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಪರದೆಯ ವಿಷಯಕ್ಕೆ ಇನ್ನೂ ಹತ್ತಿರದ ದಾರಿ, ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ಆರಿಸುವುದು.

ರೆಸಲ್ಯೂಶನ್: ಪರದೆಯ ಚುಕ್ಕಿಗಳ ಲೆಕ್ಕ

ಎಲ್‌ಸಿಡಿ ಪರದೆಯಲ್ಲಿ ಚುಕ್ಕಿಗಳನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. 1920×1080 ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ಹಳೆಯ ಲ್ಯಾಪ್‌ಟಾಪ್ ಮತ್ತು 18.5 ಇಂಚಿನ ಮಾನಿಟರುಗಳಲ್ಲಿ ಸಾಮಾನ್ಯವಾಗಿ 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ. ಈ ಲೆಕ್ಕವನ್ನು ಯಾವ ಸೆಟ್ಟಿಂಗೂ ಹೆಚ್ಚು ಕಡಿಮೆ ಮಾಡಲಾರದು.

ಅಕ್ಷರ ದೊಡ್ಡದಾಗಲಿ ಎಂದು 1920×1080 ಪರದೆಯನ್ನು 1366×768ಕ್ಕೆ ಇಳಿಸಿದರೆ ಏನಾಗುತ್ತದೆ? ಅಂಗಳದಲ್ಲಿ ಹದಿನೈದು ಚುಕ್ಕಿ ಇಟ್ಟಾಗಿದೆ, ಹನ್ನೊಂದು ಚುಕ್ಕಿಯ ರಂಗೋಲಿಯನ್ನು ಅದರ ಮೇಲೆ ಹಿಗ್ಗಿಸಿ ಬಿಡಿಸಬೇಕು ಎಂದುಕೊಳ್ಳಿ. ಗೆರೆಗಳು ಚುಕ್ಕಿಯ ಮೇಲೆ ಬೀಳದೆ ನಡುವೆ ಬೀಳುತ್ತವೆ. ಪರದೆಗೆ ನಡುವಿನ ಜಾಗವೇ ಇಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ಚುಕ್ಕಿಗೆ ಅರ್ಧರ್ಧ ಬಣ್ಣ ಹಂಚಿ ಸರಿದೂಗಿಸುತ್ತದೆ. ಆ ಅರೆಬಣ್ಣವೇ ನಮಗೆ ಮಂಕಾಗಿ ಕಾಣುವುದು. ಕನ್ನಡಕದ ನಂಬರ್ ಹೆಚ್ಚಾಗಿದೆಯೇನೋ ಎಂದು ಹಲವರು ಅಂದುಕೊಳ್ಳುವುದು ಇದನ್ನೇ ನೋಡಿ.

ಆದ್ದರಿಂದ ಡಿಸ್‌ಪ್ಲೇ ರೆಸಲ್ಯೂಶನ್ ಪಟ್ಟಿಯಲ್ಲಿ 'ರೆಕಮೆಂಡೆಡ್' ಎಂದು ಬರೆದಿರುವುದನ್ನೇ ಇಡಿ. ಬದಲಿಸಿದಾಗ 'ಕೀಪ್ ಚೇಂಜಸ್' ಕೇಳುವ ಚಿಕ್ಕ ಕಿಟಕಿ ಬರುತ್ತದೆ. ಪರದೆ ಪೂರ್ತಿ ಕಪ್ಪಾದರೂ ಹೆದರಬೇಡಿ, ಏನನ್ನೂ ಮುಟ್ಟದಿದ್ದರೆ 15 ಸೆಕೆಂಡಿಗೆ ಹಳೆಯದಕ್ಕೆ ತಾನೇ ಮರಳುತ್ತದೆ.

ರೆಕಮೆಂಡೆಡ್ ಎಂದೇ 1024×768 ತೋರಿಸುತ್ತಿದ್ದರೆ, ಅಥವಾ ಪಟ್ಟಿಯೇ ಬೂದಾಗಿ ಬದಲಿಸಲು ಬರದಿದ್ದರೆ, ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಕೂತಿಲ್ಲ ಎಂದರ್ಥ. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಇದು ಬಲು ಸಾಮಾನ್ಯ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆದು, 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಒಳಗಿರುವ ಡ್ರೈವರ್ ಹಾಕಿ. ಅಲ್ಲಿ ಸಿಗದಿದ್ದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್ ಹೆಸರಿಗೆ ಸಿಗುತ್ತದೆ.

ಸ್ಕೇಲ್: ನಿಜವಾಗಿ ತಿರುಗಿಸಬೇಕಾದ ಕಿವಿ

ಚುಕ್ಕಿಗಳನ್ನು ಹಾಗೇ ಬಿಟ್ಟು, ಒಂದೊಂದು ಅಕ್ಷರಕ್ಕೆ ಎಷ್ಟು ಚುಕ್ಕಿ ಬಳಸಬೇಕು ಎಂದು ಹೇಳುವುದು ಸ್ಕೇಲ್. ಇಂಚಿಗೆ 96 ಚುಕ್ಕಿ ಇದೆ ಎಂದು ಹಿಡಿದು ವಿಂಡೋಸ್ 100% ಎನ್ನುತ್ತದೆ. ಆದರೆ ಪರದೆಗಳೆಲ್ಲ ಹಾಗಿಲ್ಲ. 21.5 ಇಂಚಿನ 1920×1080 ಮಾನಿಟರಿನಲ್ಲಿ ಇಂಚಿಗೆ ಸುಮಾರು 102 ಚುಕ್ಕಿ. ಅಷ್ಟೇ ಚುಕ್ಕಿಗಳನ್ನು 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ತುಂಬಿದರೆ ಇಂಚಿಗೆ ಸುಮಾರು 141. ಹಾಗಾಗಿ 100%ನಲ್ಲಿ ಮಾನಿಟರಿನ ಮೇಲೆ ಸರಿಯಾಗಿ ಕಂಡ ಅಕ್ಷರ ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಗಾತ್ರಕ್ಕಿಂತಲೂ ಚಿಕ್ಕದಾಗುತ್ತದೆ.

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರಲ್ಲಿ 'ಸ್ಕೇಲ್'. 15.6 ಇಂಚಿನ 1920×1080 ಲ್ಯಾಪ್‌ಟಾಪಿಗೆ 125% ಸಾಕು, ಚಾಳೀಸು ದಾಟಿದವರಿಗೆ 150% ಹಿತ. 21.5 ಅಥವಾ 24 ಇಂಚಿನ ಮಾನಿಟರಿಗೆ 100ರಿಂದ ಶುರುಮಾಡಿ, ಚಿಕ್ಕದೆನಿಸಿದರೆ 125ಕ್ಕೆ ಏರಿಸಿ.

1366×768 ಪರದೆಯಲ್ಲಿ ಮಾತ್ರ ಜಾಗ್ರತೆ. ಅಲ್ಲಿ 125% ಇಟ್ಟರೆ ಕೆಲಸಕ್ಕೆ ಸಿಗುವ ಜಾಗ ಸುಮಾರು 1093×614ಕ್ಕೆ ಇಳಿಯುತ್ತದೆ. ಹಳೆಯ ಪ್ರೋಗ್ರಾಮುಗಳ ಕಿಟಕಿ ಎಷ್ಟೋ ಸಲ ಅದಕ್ಕಿಂತ ಎತ್ತರ ಇರುತ್ತದೆ. ಕೆಳಗಿನ 'ಓಕೆ' ಬಟನ್ ಟಾಸ್ಕ್‌ಬಾರಿನ ಹಿಂದೆ ಹೋಗಿ, ಅರ್ಜಿ ತುಂಬಿದರೂ ಮುಂದೆ ಹೋಗಲು ಬರುವುದಿಲ್ಲ. ಅಂಥ ಯಂತ್ರದಲ್ಲಿ ಸ್ಕೇಲ್ 100ರಲ್ಲೇ ಬಿಟ್ಟು, ಮುಂದೆ ಹೇಳುವ 'ಟೆಕ್ಸ್ಟ್ ಸೈಜ್' ಬಳಸುವುದೇ ಸರಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಆಲ್ಟ್ ಹಿಡಿದು ಸ್ಪೇಸ್ ಒತ್ತಿ, 'ಎಂ' ಒತ್ತಿ, ಬಾಣದ ಕೀಗಳಿಂದ ಕಿಟಕಿಯನ್ನು ಮೇಲಕ್ಕೆ ತಳ್ಳಿ.

'ಕಸ್ಟಮ್ ಸ್ಕೇಲಿಂಗ್' ಎಂಬಲ್ಲಿ 100ರಿಂದ 500ರವರೆಗೆ ಯಾವ ಸಂಖ್ಯೆಯನ್ನಾದರೂ ಬರೆಯಬಹುದು. ಅದನ್ನು ಮುಟ್ಟದಿರುವುದೇ ಒಳ್ಳೆಯದು. 110, 115 ಎಂಬಂಥ ಸಂಖ್ಯೆಗಳಿಗೆ ಹೊಂದುವಂತೆ ಪ್ರೋಗ್ರಾಮುಗಳನ್ನು ಪರೀಕ್ಷಿಸಿರುವುದು ಅಪರೂಪ. ಅದು ಜೋಡಿಸಿರುವ ಎಲ್ಲ ಪರದೆಗೂ ಒಟ್ಟಿಗೆ ಅನ್ವಯಿಸುತ್ತದೆ, ಸೈನ್ ಔಟ್ ಆಗಿ ಬಂದ ಮೇಲಷ್ಟೇ ಜಾರಿಯಾಗುತ್ತದೆ.

ಸ್ಕೇಲ್ ಬದಲಿಸಿದ ಮೇಲೆ ಒಂದೇ ಒಂದು ಪ್ರೋಗ್ರಾಮ್ ಮಂಕಾಗಿ, ಉಳಿದವು ಸ್ವಚ್ಛವಾಗಿದ್ದರೆ, ಆ ಪ್ರೋಗ್ರಾಮ್ 96 ಚುಕ್ಕಿಯ ಲೆಕ್ಕಕ್ಕೇ ಬರೆದದ್ದು, ವಿಂಡೋಸ್ ಅದನ್ನು ಚಿತ್ರದಂತೆ ಎಳೆದು ಹಿಗ್ಗಿಸುತ್ತಿದೆ. ಹಳೆಯ ಲೆಕ್ಕಪತ್ರದ ತಂತ್ರಾಂಶ, ಹಳೆಯ ಟೈಪಿಂಗ್ ತಂತ್ರಾಂಶಗಳಲ್ಲಿ ಹೀಗಾಗುತ್ತದೆ. ಮೊದಲು ಸೈನ್ ಔಟ್ ಮಾಡಿ ಬನ್ನಿ. ಸರಿಹೋಗದಿದ್ದರೆ ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'. ಅಲ್ಲಿ ಕೆಳಗಿನ 'ಓವರ್‌ರೈಡ್' ಚೌಕಕ್ಕೆ ಟಿಕ್ ಹಾಕಿ 'ಸಿಸ್ಟಮ್ ಎನ್‌ಹ್ಯಾನ್ಸ್ಡ್' ಆರಿಸಿ, ಪ್ರೋಗ್ರಾಮನ್ನು ಮುಚ್ಚಿ ತೆರೆಯಿರಿ.

ಕನ್ನಡ ಓದುವವರಿಗೆ ಇದು ಯಾಕೆ ಹೆಚ್ಚು ಮುಖ್ಯ

100%ನಲ್ಲಿ ವಿಂಡೋಸಿನ ಮೆನು ಅಕ್ಷರ 9 ಪಾಯಿಂಟ್, ಅಂದರೆ 12 ಚುಕ್ಕಿಯ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಲುತ್ತದೆ. ಕನ್ನಡಕ್ಕೆ ಸಾಲದು. 'ಲಕ್ಷ್ಮಮ್ಮ' ಎಂದು ಬರೆದು ನೋಡಿ: ಮೇಲೆ ತಲೆಕಟ್ಟು, ನಡುವೆ ಮೂಲ ಅಕ್ಷರ, ಕೆಳಗೆ ಒಂದರ ಪಕ್ಕ ಒಂದು ಒತ್ತು. ಇಷ್ಟೂ ಆ ಚಿಕ್ಕ ಎತ್ತರದೊಳಗೆ ಹಿಡಿಯಬೇಕು. ದ, ಧ, ಥ ಮೂರಕ್ಕೂ ಹೊರರೇಖೆ ಹೆಚ್ಚೂಕಡಿಮೆ ಒಂದೇ. ಧಕ್ಕೆ ಕೆಳಗೊಂದು ಸೀಳು, ಥಕ್ಕೆ ಹೊಟ್ಟೆಯಲ್ಲೊಂದು ಬೊಟ್ಟು. 12 ಚುಕ್ಕಿಯ ಅಕ್ಷರದಲ್ಲಿ ಆ ಸೀಳಿಗೆ, ಆ ಬೊಟ್ಟಿಗೆ ಸಿಗುವುದು ಒಂದು ಚುಕ್ಕಿ ಮಾತ್ರ. ಪರದೆ ಮಂಕಾಗಿದ್ದರೆ ಅದು ಪಕ್ಕದ ಚುಕ್ಕಿಯೊಂದಿಗೆ ಕಲೆತುಹೋಗಿ 'ಧನ' ಇದ್ದದ್ದು 'ದನ' ಆಗಿ ಕಾಣುತ್ತದೆ, 'ಭೀಮಣ್ಣ' ಹೋಗಿ 'ಬೀಮಣ್ಣ' ಆಗುತ್ತದೆ. ಪಹಣಿಯ ಹೆಸರನ್ನೂ ಆಧಾರ್ ಹೆಸರನ್ನೂ ತಾಳೆ ನೋಡುವಾಗ ಇದು ಸಣ್ಣ ವಿಷಯವಲ್ಲ. 125% ಮಾಡಿದರೆ 12 ಚುಕ್ಕಿ 15 ಆಗುತ್ತದೆ, 150%ಗೆ 18. ಸೀಳೂ ಬೊಟ್ಟೂ ಬೇರೆ ಬೇರೆಯಾಗಿ ಕಾಣತೊಡಗುವುದು ಆಗ.

ಇನ್ನೆರಡು ಕಡೆ ನೋಡಬೇಕು. ಸ್ಟಾರ್ಟ್ ಒತ್ತಿ 'ಕ್ಲಿಯರ್‌ಟೈಪ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ 'ಅಡ್ಜಸ್ಟ್ ಕ್ಲಿಯರ್‌ಟೈಪ್ ಟೆಕ್ಸ್ಟ್' ಬರುತ್ತದೆ. ಅಕ್ಷರದ ಅಂಚನ್ನು ನಯ ಮಾಡುವ ವ್ಯವಸ್ಥೆ ಅದು. ಟಿಕ್ ಹಾಕಿ ಮುಂದೆ ಹೋದರೆ ಒಂದಾದ ಮೇಲೊಂದು ಮಾದರಿಗಳನ್ನು ತೋರಿಸುತ್ತದೆ, ಪ್ರತಿ ಸಲ ಕಣ್ಣಿಗೆ ಸ್ವಚ್ಛವಾಗಿ ಕಂಡದ್ದರ ಮೇಲೆ ಕ್ಲಿಕ್ ಮಾಡಿ.

ಎರಡನೆಯದು ನಮ್ಮ ಕೈಯಾರೆ ಆಗುವ ಎಡವಟ್ಟು. 4 ಜಿಬಿ ರ್‍ಯಾಮಿನ ಕಂಪ್ಯೂಟರ್ ನಿಧಾನ ಎಂದು 'ಪರ್ಫಾರ್ಮೆನ್ಸ್ ಆಪ್ಷನ್ಸ್'ನಲ್ಲಿ 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್' ಒತ್ತಿಬಿಡುತ್ತಾರೆ. ಅದು ಪಟ್ಟಿಯಲ್ಲಿರುವ ಎಲ್ಲ ಟಿಕ್ಕನ್ನೂ ತೆಗೆಯುತ್ತದೆ, ಅಕ್ಷರ ನಯ ಮಾಡುವುದನ್ನೂ ಸೇರಿಸಿ. ಒತ್ತಕ್ಷರಗಳೆಲ್ಲ ಗರಗಸದ ಹಲ್ಲಿನಂತಾಗುತ್ತವೆ. ಒತ್ತಿದ ಮೇಲೆ ಅದೇ ಪಟ್ಟಿಯಲ್ಲಿ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್' ಮತ್ತು 'ಶೋ ಥಂಬ್‌ನೇಲ್ಸ್ ಇನ್‌ಸ್ಟೆಡ್ ಆಫ್ ಐಕಾನ್ಸ್' ಎರಡಕ್ಕೆ ಮತ್ತೆ ಟಿಕ್ ಹಾಕಿ. ವೇಗವೂ ಸಿಗುತ್ತದೆ, ಓದಲೂ ಬರುತ್ತದೆ. ಇಷ್ಟು ದೂರ ಹೋಗದೆಯೂ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ವಿಷುವಲ್ ಎಫೆಕ್ಟ್ಸ್‌ನಲ್ಲಿ ಆನಿಮೇಷನ್ ಮತ್ತು ಟ್ರಾನ್ಸ್‌ಪರೆನ್ಸಿ ಎರಡನ್ನು ಆಫ್ ಮಾಡಿದರೆ ಹಳೆಯ ಯಂತ್ರ ಸ್ವಲ್ಪ ಹಗುರಾಗುತ್ತದೆ.

ಹಳೆಯ ಕಡತವೊಂದು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಂಡರೆ ಅದಕ್ಕೆ ಡಿಸ್‌ಪ್ಲೇ ಸೆಟ್ಟಿಂಗ್ ಕಾರಣವಲ್ಲ. ಅದು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಾಕಿದರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಸರಿಹೋಗುತ್ತದೆ.

ಅಕ್ಷರ ಮಾತ್ರ, ಬಾಣ ಮಾತ್ರ ದೊಡ್ಡದು ಮಾಡಲು

ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೆಕ್ಸ್ಟ್ ಸೈಜ್. ಜಾರುಗುಂಡಿಯನ್ನು 100ರಿಂದ 225ರವರೆಗೆ ಎಳೆಯಬಹುದು. ಎಳೆದ ಮೇಲೆ 'ಅಪ್ಲೈ' ಒತ್ತಬೇಕು, ಒತ್ತದೆ ಹೊರಬಂದು 'ಆಗಲೇ ಇಲ್ಲ' ಎನ್ನುವುದು ಎಲ್ಲರೂ ಮಾಡುವ ತಪ್ಪು. ಇದು ಐಕಾನ್, ಚಿತ್ರಗಳನ್ನು ಬಿಟ್ಟು ಅಕ್ಷರವನ್ನಷ್ಟೇ ಹಿಗ್ಗಿಸುತ್ತದೆ. 1366×768 ಪರದೆಗೆ 115ರಿಂದ 130 ಹದವಾದ ಅಳತೆ. ಅದಕ್ಕಿಂತ ಮೇಲೆ ಹೋದರೆ ಕೆಲವು ಬಟನ್ ಮೇಲಿನ ಬರಹ ತುಂಡಾಗುತ್ತದೆ.

ಅದೇ ಆಕ್ಸೆಸಿಬಿಲಿಟಿಯಲ್ಲಿ 'ಮೌಸ್ ಪಾಯಿಂಟರ್ ಅಂಡ್ ಟಚ್' ಇದೆ. ಬಾಣದ ಗಾತ್ರ 1ರಿಂದ 15ರವರೆಗೆ, ಬಣ್ಣವನ್ನೂ ಬದಲಿಸಬಹುದು. ವಯಸ್ಸಾದವರಿಗೆ ಬಾಣ ಎಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ. ಗಾತ್ರ 3 ಅಥವಾ 4 ಇಟ್ಟು ಹಳದಿ ಇಲ್ಲವೇ ಹಸಿರು ಬಣ್ಣ ಕೊಟ್ಟರೆ ಬಿಳಿ ಪುಟದ ಮೇಲೂ ಎದ್ದು ಕಾಣುತ್ತದೆ.

ಜಾಲತಾಣವೊಂದರ ಅಕ್ಷರ ಮಾತ್ರ ಚಿಕ್ಕದೆನಿಸಿದರೆ ಇದ್ಯಾವುದನ್ನೂ ಮುಟ್ಟಬೇಡಿ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ, ಮೊದಲಿನಂತಾಗಲು ಕಂಟ್ರೋಲ್ ಹಿಡಿದು ಸೊನ್ನೆ.

ಟಾಸ್ಕ್‌ಬಾರ್, ಐಕಾನ್, ರೈಟ್ ಕ್ಲಿಕ್

ಸ್ಟಾರ್ಟ್ ಬಟನ್ ಮತ್ತೆ ಎಡಮೂಲೆಗೆ ಬರಬೇಕೇ? ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲೈನ್‌ಮೆಂಟ್‌ನಲ್ಲಿ 'ಲೆಫ್ಟ್'. 'ದಿಸ್ ಪಿಸಿ' ಬೇಕಿದ್ದರೆ ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್, ಥೀಮ್ಸ್, ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್‌ನಲ್ಲಿ 'ಕಂಪ್ಯೂಟರ್' ಎಂಬುದಕ್ಕೆ ಟಿಕ್ ಹಾಕಿ.

ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಡೆಸ್ಕ್‌ಟಾಪಿನ ಐಕಾನ್‌ಗಳು ದೊಡ್ಡದು ಚಿಕ್ಕದು ಆಗುತ್ತವೆ. ಮಕ್ಕಳು ಆಡಿದ ಮೇಲೆ ಐಕಾನ್ ದೈತ್ಯವಾಗಿದ್ದರೆ ಕಾರಣ ಇದೇ, ಹಾಗೆಯೇ ಹಿಂದಕ್ಕೆ ತಿರುಗಿಸಿ. ಐಕಾನ್‌ಗಳೆಲ್ಲ ಮಾಯವಾಗಿದ್ದರೆ ಕಡತಗಳು ಅಳಿಸಿಹೋದವು ಎಂದುಕೊಳ್ಳಬೇಡಿ. ರೈಟ್ ಕ್ಲಿಕ್ ಮಾಡಿ 'ವ್ಯೂ' ಒಳಗೆ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಟಿಕ್ ಹೋಗಿದೆಯೇ ನೋಡಿ. ವಿಂಡೋಸ್ 11ರ ಮೊಟಕಾದ ರೈಟ್ ಕ್ಲಿಕ್ ಪಟ್ಟಿಯಲ್ಲಿ ಬೇಕಾದದ್ದು ಸಿಗದಿದ್ದರೆ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ಹಳೆಯ ಉದ್ದ ಪಟ್ಟಿ ನೇರ ಬರುತ್ತದೆ.

ಕೀಬೋರ್ಡ್, ದಿನಾಂಕ, ಲಕ್ಷದ ಅಲ್ಪವಿರಾಮ

ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್. ಅಲ್ಲಿ 'ಆಡ್ ಎ ಲ್ಯಾಂಗ್ವೇಜ್' ಒತ್ತಿ ಕನ್ನಡ ಆರಿಸಿ. ಸೇರಿಸುವಾಗ 'ಸೆಟ್ ಆಸ್ ಮೈ ವಿಂಡೋಸ್ ಡಿಸ್‌ಪ್ಲೇ ಲ್ಯಾಂಗ್ವೇಜ್' ಟಿಕ್ ತೆಗೆದರೆ ಮೆನುಗಳು ಇಂಗ್ಲಿಷಿನಲ್ಲೇ ಉಳಿದು ಟೈಪಿಂಗ್ ಮಾತ್ರ ಕನ್ನಡಕ್ಕೆ ಬರುತ್ತದೆ. ಕೀಬೋರ್ಡ್ ಎರಡು ಬಗೆ: ಕೀಗಳಿಗೆ ನೇರ ಕನ್ನಡ ಅಕ್ಷರ ಹಂಚಿರುವ ಇನ್‌ಸ್ಕ್ರಿಪ್ಟ್, ಇನ್ನೊಂದು ಫೊನೆಟಿಕ್. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದರೆ ಕನ್ನಡವಾಗುವ ಫೊನೆಟಿಕ್ ವಿಂಡೋಸ್‌ಗೆ ಬಂದದ್ದು 2019ರಲ್ಲಿ. ಭಾಷೆ ಬದಲಿಸಲು ವಿಂಡೋಸ್ ಕೀ ಹಿಡಿದು ಸ್ಪೇಸ್. ಪಾಸ್‌ವರ್ಡ್ ಸರಿಯಾಗಿ ಹೊಡೆದರೂ ತಪ್ಪೆನ್ನುತ್ತಿದ್ದರೆ ಭಾಷೆಯ ಗುರುತು ಕನ್ನಡದಲ್ಲಿ ನಿಂತಿದೆಯೇ ಎಂದು ಮೊದಲು ನೋಡಿ.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ, 'ರೀಜನಲ್ ಫಾರ್ಮ್ಯಾಟ್'. ಇದನ್ನು ಯಾರೂ ಗಮನಿಸುವುದಿಲ್ಲ, ಪೆಟ್ಟು ಕೊಡುವುದು ಮಾತ್ರ ಇದೇ. ಇನ್‌ಸ್ಟಾಲ್ ಮಾಡುವಾಗ 'ಯುನೈಟೆಡ್ ಸ್ಟೇಟ್ಸ್' ಎಂದೇ ಬಿಟ್ಟಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ತಿಪಟೂರಿನ ಕೊಬ್ಬರಿ ಮಾರಾಟವನ್ನೋ ಕೋಲಾರ ಎಪಿಎಂಸಿಗೆ ಹಾಕಿದ ಟೊಮೆಟೊ ಬಾಕ್ಸುಗಳನ್ನೋ ಎಕ್ಸೆಲ್‌ನಲ್ಲಿ ಬರೆದಿಡುವವರು ಜೂನ್ 5 ಎಂದು 05-06-2025 ಹೊಡೆದರೆ ಅದು ಮೇ 6 ಆಗಿ ಕೂರುತ್ತದೆ. ಜೂನ್ 13 ಎಂದು 13-06-2025 ಹೊಡೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದನ್ನು ದಿನಾಂಕ ಎಂದೇ ಒಪ್ಪದೆ ಬರೀ ಬರಹವಾಗಿ ಇಟ್ಟುಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ಒಪ್ಪಿದ ದಿನಾಂಕ ಚೌಕದ ಬಲಕ್ಕೆ, ಒಪ್ಪದ್ದು ಎಡಕ್ಕೆ ಅಂಟಿರುತ್ತದೆ. ತಿಂಗಳವಾರು ಲೆಕ್ಕ ತೆಗೆದಾಗ ಅರ್ಧ ಮಾರಾಟ ಕಾಣೆಯಾಗುವುದು ಹೀಗೆ.

'ಇಂಗ್ಲಿಷ್ (ಇಂಡಿಯಾ)' ಆರಿಸಿ, ಎಕ್ಸೆಲ್ ಮುಚ್ಚಿ ತೆರೆಯಿರಿ. ದಿನ ಮೊದಲಾಗುತ್ತದೆ, 1,234,567 ಎಂದು ಬರುತ್ತಿದ್ದದ್ದು 12,34,567 ಆಗುತ್ತದೆ. ಆದರೆ ಈಗಾಗಲೇ ತಪ್ಪಾಗಿ ಕೂತ ದಿನಾಂಕಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ, ಅವನ್ನು ಕೂತು ಸರಿಮಾಡಲೇಬೇಕು. ಹೊಸ ಕಂಪ್ಯೂಟರಿನಲ್ಲಿ ಮೊದಲ ಲೆಕ್ಕ ಬರೆಯುವ ಮುಂಚೆಯೇ ಈ ಸಾಲು ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರೆ

ಮಕ್ಕಳ ಪಾಠಕ್ಕೆಂದು ಹಾಲಿನ 32 ಇಂಚಿನ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕುವುದುಂಟು. 'ಎಚ್‌ಡಿ ರೆಡಿ' ಟಿವಿಯ ಚುಕ್ಕಿ 1366×768 ಮಾತ್ರ. ಆದರೂ ಅಂಥ ಹಲವು ಟಿವಿಗಳು 1920×1080 ಸಂಕೇತವನ್ನೂ ಒಪ್ಪಿಕೊಂಡು ಒಳಗೇ ಕುಗ್ಗಿಸುತ್ತವೆ. ವಿಂಡೋಸ್ ಅದನ್ನೇ ರೆಕಮೆಂಡೆಡ್ ಎನ್ನುತ್ತದೆ, ಅಕ್ಷರ ಕಲಸಿಹೋಗುತ್ತದೆ. ರೆಕಮೆಂಡೆಡ್ ಮೀರಬಹುದಾದ ಸಂದರ್ಭ ಇದು: ಪಟ್ಟಿಯಲ್ಲಿ 1366×768 ಅಥವಾ 1360×768 ಇದ್ದರೆ ಅದನ್ನು ಹಾಕಿ ನೋಡಿ. ಟಾಸ್ಕ್‌ಬಾರ್ ಅರ್ಧ ಕತ್ತರಿಸಿದಂತಿದ್ದರೆ ಟಿವಿ ಅಂಚುಗಳನ್ನು ಹಿಗ್ಗಿಸುತ್ತಿದೆ. ರಿಮೋಟಿನ ಪಿಕ್ಚರ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಎಂಬಂಥ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ.

ಟಿವಿ ಬಿಚ್ಚಿದ ಮೇಲೆ ಲ್ಯಾಪ್‌ಟಾಪ್ ಪರದೆ ಕಪ್ಪಾಗಿದ್ದರೆ ವಿಂಡೋಸ್ ಕೀ ಹಿಡಿದು 'ಪಿ' ಒತ್ತಿ 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿ. ಪರದೆ ಹೆಪ್ಪುಗಟ್ಟಿದಂತಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು 'ಬಿ' ಒತ್ತಿ. ಒಂದು ಕ್ಷಣ ಕಪ್ಪಾಗಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದ ಕೆಲಸ ಕಳೆದುಹೋಗುವುದಿಲ್ಲ. ಇಡೀ ಪರದೆ ತಲೆಕೆಳಗಾಗಿದ್ದರೆ ಡಿಸ್‌ಪ್ಲೇ ಓರಿಯಂಟೇಷನ್‌ನಲ್ಲಿ 'ಲ್ಯಾಂಡ್‌ಸ್ಕೇಪ್' ಆರಿಸಿ.

ಲಿನಕ್ಸ್ ಮಿಂಟ್ ಹಾಕಿಸಿದವರಿಗೆ

ತತ್ವ ಅದೇ, ಹೆಸರುಗಳು ಬೇರೆ. ಮಿಂಟ್‌ನ ಸಿನಮನ್ ಎಂಬ ಡೆಸ್ಕ್‌ಟಾಪಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು ಫಾಂಟ್ ಸೆಲೆಕ್ಷನ್‌ಗೆ ಹೋಗಿ 'ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್' 1.0 ಇರುವುದನ್ನು 1.2 ಮಾಡಿ. ಹಳೆಯ ಯಂತ್ರಕ್ಕೆ ಡಿಸ್‌ಪ್ಲೇ ಒಳಗಿನ ಫ್ರ್ಯಾಕ್ಷನಲ್ ಸ್ಕೇಲಿಂಗ್‌ಗಿಂತ ಇದೇ ಮೇಲು, ಗ್ರಾಫಿಕ್ಸ್ ಚಿಪ್ಪಿಗೆ ಹೊರೆ ಬೀಳುವುದಿಲ್ಲ. ನುಡಿಯಲ್ಲಿ ಟೈಪ್ ಮಾಡಿ ಕೈ ಪಳಗಿದವರು ಕೀಬೋರ್ಡ್ ಲೇಔಟ್‌ಗಳಲ್ಲಿ ಕನ್ನಡದ 'ಕಗಪ' ಫೊನೆಟಿಕ್ ಸೇರಿಸಿಕೊಳ್ಳಬಹುದು. ಪ್ಯಾನೆಲ್ ಅಥವಾ ಮೆನು ಕೈಕೊಟ್ಟರೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಡೆಸ್ಕ್‌ಟಾಪ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದ ಪ್ರೋಗ್ರಾಮುಗಳು ಹಾಗೇ ಇರುತ್ತವೆ.

ಒಂದೇ ಕಂಪ್ಯೂಟರ್, ಮನೆ ತುಂಬ ಜನ

ತಾತನಿಗೆ ಅಕ್ಷರ ದೊಡ್ಡದಿರಬೇಕು, ಮೊಮ್ಮಗಳಿಗೆ ಪರದೆಯಲ್ಲಿ ಹೆಚ್ಚು ಜಾಗ ಬೇಕು. ಇಬ್ಬರೂ ಒಂದೇ ಖಾತೆ ಬಳಸಿದರೆ ದಿನವೂ ಒಬ್ಬರದನ್ನು ಇನ್ನೊಬ್ಬರು ಕೆಡಿಸುತ್ತಾರೆ. ಟೆಕ್ಸ್ಟ್ ಸೈಜ್, ಬಾಣದ ಗಾತ್ರ, ಟಾಸ್ಕ್‌ಬಾರಿನ ಜಾಗ, ಕೀಬೋರ್ಡ್ ಭಾಷೆ ಇವೆಲ್ಲ ಖಾತೆಗೆ ಸೇರಿದವು, ಯಂತ್ರಕ್ಕಲ್ಲ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, 'ಆಡ್ ಅಕೌಂಟ್'. ಇಮೇಲ್ ಇಲ್ಲದವರಿಗೆ 'ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್‌ಫರ್ಮೇಷನ್' ಒತ್ತಿ, ಮುಂದಿನ ಪುಟದಲ್ಲಿ 'ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್' ಆರಿಸಿ ಹೆಸರು ಕೊಟ್ಟರಾಯಿತು. ಒಬ್ಬರ ಕೆಲಸ ಮುಗಿದ ಮೇಲೆ ವಿಂಡೋಸ್ ಕೀ ಹಿಡಿದು 'ಎಲ್' ಒತ್ತಿದರೆ ಬೀಗದ ಪರದೆ ಬರುತ್ತದೆ, ಅದರ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಕೆಳಗಿನ ಎಡಮೂಲೆಯಲ್ಲಿ ಇಬ್ಬರ ಹೆಸರೂ ಇರುತ್ತದೆ. 4 ಜಿಬಿ ರ್‍ಯಾಮಿನ ಯಂತ್ರವಾದರೆ ಬೀಗ ಹಾಕುವ ಬದಲು ಸೈನ್ ಔಟ್ ಮಾಡಿ, ಇಲ್ಲವಾದರೆ ಮೊದಲನೆಯವರ ಪ್ರೋಗ್ರಾಮುಗಳು ಹಿಂದೆ ಓಡುತ್ತಲೇ ಇದ್ದು ಎರಡನೆಯವರಿಗೆ ಎಲ್ಲವೂ ನಿಧಾನವಾಗುತ್ತದೆ.